ಗುರುವಿಲ್ಲದೆ ಗಿಟಾರ್: ಭಜನೆ ಮನೆಯ ಹಾರ್ಮೋನಿಯಂ ಗೊತ್ತಿದ್ದರೆ ಅರ್ಧ ದಾರಿ ಸವೆದಂತೆ

ರಾಯದುರ್ಗ/ಮಡಕಶಿರಾ: ಗಿಟಾರ್ ಕೊಳ್ಳುವುದು ಈಗ ಕಷ್ಟದ ಕೆಲಸವಲ್ಲ. ಮೂರು-ನಾಲ್ಕು ಸಾವಿರ ರೂಪಾಯಿ ಇದ್ದರೆ ಫೋನಿನಲ್ಲೇ ಆರ್ಡರ್ ಮಾಡಬಹುದು, ರಟ್ಟಿನ ಪೆಟ್ಟಿಗೆಯಲ್ಲಿ ಮನೆ ಬಾಗಿಲಿಗೇ ಬಂದು ಇಳಿಯುತ್ತದೆ. ಕಷ್ಟ ಶುರುವಾಗುವುದು ಪೆಟ್ಟಿಗೆ ಬಿಚ್ಚಿದ ಮೇಲೆ. ಮೊದಲ ವಾರ ಮನೆಯವರೆಲ್ಲ ಸುತ್ತ ಕೂತು ನೋಡುತ್ತಾರೆ. ಎರಡನೇ ವಾರ ಬೆರಳ ತುದಿ ಉರಿಯುತ್ತದೆ. ತಿಂಗಳು ಕಳೆಯುವುದರೊಳಗೆ ತಂತಿಯೊಂದು ಪಟ್ಟನೆ ಹರಿಯುತ್ತದೆ. ಮೂರನೇ ತಿಂಗಳಿಗೆ ಗಿಟಾರ್ ಗೋಡೆಯ ಮೊಳೆಗೆ! ಆಮೇಲೆ ಉಳಿಯುವುದು ಒಂದೇ ಮಾತು: "ನಮ್ಮ ಹುಡುಗನಿಗೆ ಸಂಗೀತ ಹತ್ತಲಿಲ್ಲ ಬಿಡಿ." ಹದಿನೈದು ವರ್ಷದ ವಯಸ್ಸಿನಲ್ಲಿ ಕಿವಿಗೆ ಬಿದ್ದ ಈ ಮಾತನ್ನು ಮಕ್ಕಳು ಐವತ್ತಾದರೂ ಮರೆಯುವುದಿಲ್ಲ.

ಬಹುಪಾಲು ಸಲ ತಪ್ಪು ಹುಡುಗನದ್ದಲ್ಲ. ತಂತಿ ಹಲಗೆಯಿಂದ ಎಷ್ಟು ಮೇಲಿದೆ ಎಂದು ಯಾರೂ ಅಳೆದಿರುವುದಿಲ್ಲ. ಶ್ರುತಿ ಕೂಡಿಸುವುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಮೊದಲ ದಿನವೇ ಸಿನಿಮಾ ಹಾಡಿಗೆ ಕೈ ಹಾಕಿರುತ್ತಾರೆ. ಈ ಮೂರು ಸರಿಯಾದರೆ ಗಡಿಯ ಹಳ್ಳಿಯಲ್ಲಿ ಒಬ್ಬರೇ ಕೂತು ಗಿಟಾರ್ ಕಲಿಯುವುದು ಆಗದ ಮಾತಲ್ಲ. ನಮ್ಮ ಕಡೆಯವರಿಗೆ ಇನ್ನೊಂದು ಅನುಕೂಲವೂ ಇದೆ. ಅದು ಭಜನೆ ಮನೆಯ ಹಾರ್ಮೋನಿಯಂ.

ತಾವೇ ಕಲಿತವರು ಇದ್ದಾರೆಯೇ?

ಇದ್ದಾರೆ. ಶಿಶುನಾಳ ಶರೀಫರ (1819-1889) ಪದಗಳನ್ನು ಗಿಟಾರ್ ಹಿಡಿದು ಹಾಡಿ ಹೊರದೇಶಗಳವರೆಗೂ ಒಯ್ದ ರಘು ದೀಕ್ಷಿತ್ ಎಲ್ಲರಿಗೂ ಗೊತ್ತು. ಮೈಸೂರಿನಲ್ಲಿ ಬೆಳೆದ ಅವರು ಮೊದಲು ಕಲಿತದ್ದು ಭರತನಾಟ್ಯ, ಓದಿದ್ದು ಮೈಕ್ರೋಬಯಾಲಜಿ. ಕಾಲೇಜಿನ ದಿನಗಳಲ್ಲಿ ಗೆಳೆಯನ ಸವಾಲಿಗೆ ಗಿಟಾರ್ ಹಿಡಿದು, ತಾವೇ ಕಲಿತರು. 2008ರಲ್ಲಿ ಅವರ ತಂಡದ ಮೊದಲ ಆಲ್ಬಂ ಬಂತು, 2010ರಲ್ಲಿ ಬ್ರಿಟನ್ನಿನ ಬಿಬಿಸಿ ಟಿವಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಕಾರ್ಯಕ್ರಮದಲ್ಲಿ ಹಾಡಿದರು. ಅವರ ಹಾಡುಗಳನ್ನು ಗಮನವಿಟ್ಟು ಕೇಳಿದರೆ ಒಂದು ಸಂಗತಿ ತಿಳಿಯುತ್ತದೆ. ಶರೀಫರ ಪದಕ್ಕೆ ಗಿಟಾರಿನಲ್ಲಿ ದೊಡ್ಡ ಕಸರತ್ತೇನೂ ಬೇಕಿಲ್ಲ. ತಾಳ ಗಟ್ಟಿ ಇರಬೇಕು, ಶ್ರುತಿ ನಿಲ್ಲಬೇಕು.

ಇಳಯರಾಜ ಅವರ ದಾರಿ ಬೇರೆ. ಅಣ್ಣನ ಹಾಡಿನ ತಂಡದ ಜತೆ ಊರೂರು ಸುತ್ತಿ ಬೆಳೆದವರು ಅವರು. ಮದ್ರಾಸಿಗೆ ಬಂದ ಮೇಲೆ ಧನರಾಜ್ ಮಾಸ್ತರರಲ್ಲಿ ಪಾಶ್ಚಾತ್ಯ ಸಂಗೀತ ಕಲಿತರು. ಕನ್ನಡದ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿ ಎಷ್ಟೋ ಚಿತ್ರಗಳಿಗೆ ದುಡಿದರು, ಬೇರೆಯವರ ಹಾಡುಗಳಿಗೆ ಗಿಟಾರ್ ನುಡಿಸಿದರು. ಶಂಕರ್ ನಾಗ್ ಅವರ 'ಗೀತಾ' (1981) ಕೇಳಿದವರಿಗೂ, ತೆಲುಗಿನ 'ಸಾಗರ ಸಂಗಮಂ' (1983) ಕೇಳಿದವರಿಗೂ ಆ ಕೈಯ ಪರಿಚಯವಿದೆ. ಕಿವಿ ಊರಿನಲ್ಲೇ ತಯಾರಾಗಿತ್ತು, ಮೇಷ್ಟ್ರು ಆಮೇಲೆ ಸಿಕ್ಕರು.

ಹಿಂದೆ ಈ ಭಾಗದವರು ಸಂಗೀತಕ್ಕೆ ಊರು ಬಿಟ್ಟೇ ಹೋಗಬೇಕಿತ್ತು. ಕಲ್ಯಾಣದುರ್ಗ ಸೀಮೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು ಮೈಸೂರು ಸೇರಿ, ಮಹಾರಾಜ ಕಾಲೇಜಿನಲ್ಲಿ ತೆಲುಗು ಪಾಠ ಹೇಳುತ್ತ, ಬಿಡಾರಂ ಕೃಷ್ಣಪ್ಪನವರಲ್ಲಿ ಸಂಗೀತ ಕಲಿತರು. ಮುಂದೆ ತಿರುಪತಿಯಲ್ಲಿ ಅನ್ನಮಾಚಾರ್ಯರ ಎಷ್ಟೋ ಕೀರ್ತನೆಗಳಿಗೆ ರಾಗ ಕೂಡಿಸಿದವರು ಅವರೇ. 1974ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ಎರಡು ಭಾಷೆಯ ಗಡಿ ಸಂಗೀತಕ್ಕೆ ಅಡ್ಡಿಯಾಗುವುದಿಲ್ಲ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕೈವಾರದ ತಾತಯ್ಯನವರೂ ತೆಲುಗು, ಕನ್ನಡ ಎರಡರಲ್ಲೂ ಹಾಡು ಕಟ್ಟಿದವರೇ. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಎರಡಾದರೂ ಶನಿವಾರದ ಭಜನೆಯಲ್ಲಿ ಒಂದು ಹಾಡು ಕನ್ನಡ, ಇನ್ನೊಂದು ತೆಲುಗು ಎನ್ನುವ ರೂಢಿ ಮಾತ್ರ ಜಿಲ್ಲೆ ನೋಡಿ ಬದಲಾಗುವುದಲ್ಲ.

ಕೊಳ್ಳುವಾಗ ಎರಡು ನಾಣ್ಯ ಜೇಬಿನಲ್ಲಿರಲಿ

ಗಿಟಾರಿನಲ್ಲಿ ಎರಡು ಜಾತಿ. ನೈಲಾನ್ ತಂತಿಯದ್ದು ಬೆರಳಿಗೆ ಮೆತ್ತಗೆ, ನಾದವೂ ಮೆತ್ತಗೆ. ಉಕ್ಕಿನ ತಂತಿಯದ್ದು ಗಟ್ಟಿ ನಾದ, ಬೆರಳಿಗೂ ಗಟ್ಟಿ. ಭಜನೆ, ಚರ್ಚು, ಶಾಲೆಯ ಸಮಾರಂಭ ಎಂದರೆ ಉಕ್ಕಿನದ್ದೇ ಒಗ್ಗುತ್ತದೆ. ನೈಲಾನ್ ಗಿಟಾರಿಗೆ ಉಕ್ಕಿನ ತಂತಿ ಕಟ್ಟುವ ಸಾಹಸ ಮಾತ್ರ ಬೇಡ. ಉಕ್ಕಿನ ತಂತಿ ಆರನ್ನೂ ಶ್ರುತಿಗೆ ತಂದಾಗ ಒಟ್ಟು ಎಳೆತ 60 ಕಿಲೋ ಆಸುಪಾಸು, ಅಂದರೆ ಒಂದು ಸಿಮೆಂಟ್ ಚೀಲಕ್ಕಿಂತ ಹೆಚ್ಚು. ನೈಲಾನಿಗೆಂದು ಮಾಡಿದ ಹಲಗೆ ಅದನ್ನು ತಾಳದೆ ಕುದುರೆಯೇ ಕಿತ್ತು ಬರುತ್ತದೆ. (ವೀಣೆಯವರ ಮಾತನ್ನೇ ಇಲ್ಲಿ ಬಳಸಿದೆ: ತಂತಿ ಕೂರುವ ಪಟ್ಟಿ ಕುದುರೆ, ತಿರುಗಿಸುವ ಕಿವಿ ಬಿರಡೆ, ಅಡ್ಡ ಪಟ್ಟಿಗಳು ಮೆಟ್ಟಿಲು. ಇಂಗ್ಲಿಷಿನ ಬ್ರಿಡ್ಜ್, ಪೆಗ್, ಫ್ರೆಟ್ ಎಂದರೂ ಅವೇ.)

ಹೊಸಬರ ಬೆರಳು ಕೊಲ್ಲುವುದು ತಂತಿಯ ಎತ್ತರ. ಅದನ್ನು ನೋಡಲು ಅಂಗಡಿಯವನ ಮಾತು ಬೇಕಿಲ್ಲ, ಒಂದು ರೂಪಾಯಿಯ ಈಗಿನ ಸಣ್ಣ ನಾಣ್ಯಗಳು ಸಾಕು. ಒಂದು ನಾಣ್ಯದ ದಪ್ಪ ಒಂದೂವರೆ ಮಿಲಿಮೀಟರಿಗೆ ಸ್ವಲ್ಪ ಕಡಿಮೆ. ಹನ್ನೆರಡನೇ ಮೆಟ್ಟಿಲಿನ ಮೇಲೆ, ಅತಿ ದಪ್ಪ ತಂತಿಯ ಕೆಳಗೆ ಎರಡು ನಾಣ್ಯ ಒಂದರ ಮೇಲೊಂದು ಇಟ್ಟು ತೂರಿಸಬೇಕು. ಎರಡು ಬಿಗಿಯಾಗಿ ಕೂತರೆ ಗಿಟಾರ್ ಪರವಾಗಿಲ್ಲ. ಮೂರು ನಾಣ್ಯ ಸಲೀಸಾಗಿ ಹೋದರೆ ಆ ವಾದ್ಯದಲ್ಲಿ ಪಳಗಿದವರಿಗೂ ಬೆರಳು ನೋಯುತ್ತದೆ. ಮೂರನೇ ತಿಂಗಳಿಗೆ ಗೋಡೆ ಸೇರುವ ಗಿಟಾರುಗಳನ್ನು ಇಳಿಸಿ ಅಳೆದರೆ ಬಹಳಷ್ಟು ಈ ಮೂರು ನಾಣ್ಯದ ಗುಂಪಿನವೇ ಆಗಿರುತ್ತವೆ.

ಎತ್ತರ ಇಳಿಸಬಹುದು. ಕುದುರೆಯ ಮೇಲೆ ಬಿಳಿ ಪ್ಲಾಸ್ಟಿಕ್ಕಿನ ಸಣ್ಣ ಪಟ್ಟಿ ಇರುತ್ತದೆ. ತಂತಿ ಸಡಿಲಿಸಿ ಅದನ್ನು ಹೊರತೆಗೆದು, ಸಮತಟ್ಟಾದ ಕಡಪ ಕಲ್ಲಿನ ಮೇಲೆ ಉಪ್ಪು ಕಾಗದ ಹಾಸಿ, ಪಟ್ಟಿಯ ಕೆಳಭಾಗವನ್ನು ನಿಧಾನವಾಗಿ ಉಜ್ಜಬೇಕು. ಲೆಕ್ಕ ಇಷ್ಟೇ: ಪಟ್ಟಿಯಲ್ಲಿ ಒಂದು ಮಿಲಿಮೀಟರ್ ಸವೆಸಿದರೆ ಹನ್ನೆರಡನೇ ಮೆಟ್ಟಿಲಿನಲ್ಲಿ ಅರ್ಧ ಮಿಲಿಮೀಟರ್ ಇಳಿಯುತ್ತದೆ. ಸ್ವಲ್ಪ ಉಜ್ಜಿ, ಕೂರಿಸಿ, ಅಳೆದು, ಮತ್ತೆ ಉಜ್ಜುವುದು ಕ್ಷೇಮ. ಜಾಸ್ತಿ ಸವೆದರೆ ತಂತಿ ಮೆಟ್ಟಿಲಿಗೆ ತಾಗಿ ಝರ್ ಎನ್ನುತ್ತದೆ, ಹೊಸ ಪಟ್ಟಿಯೇ ಬೇಕಾಗುತ್ತದೆ. ಉಕ್ಕಿನ ತಂತಿಯಲ್ಲೂ ಸಣ್ಣದು, ದಪ್ಪದು ಎಂದಿದೆ. ಹತ್ತರ ಸೆಟ್ ಎಂದು ಕೇಳಿದರೆ ಸಣ್ಣದು ಕೊಡುತ್ತಾರೆ. ಕಲಿಯುವವರಿಗೆ ಅದೇ ಸರಿ.

ನಮ್ಮ ಬಿಸಿಲಿನ ಮಾತನ್ನೂ ಹೇಳಲೇಬೇಕು. ಅನಂತಪುರ ಸೀಮೆ ದೇಶದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಒಂದು, ವರ್ಷದ ಮಳೆ 550 ಮಿಲಿಮೀಟರ್ ಆಸುಪಾಸು. ಏಪ್ರಿಲ್-ಮೇ ತಿಂಗಳಲ್ಲಿ ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಒಣಗಿದ ಮರ ಕುಗ್ಗುತ್ತದೆ, ಗಿಟಾರಿನ ತೆಳು ಹಲಗೆ ಸೀಳುತ್ತದೆ. ತಗಡಿನ ಮನೆಯ ಅಟ್ಟ, ಪಡುವಣ ಬಿಸಿಲು ಬೀಳುವ ಗೋಡೆ, ಬಸ್ಸಿನ ಟಾಪು ಇವು ಗಿಟಾರಿಗೆ ಮೃತ್ಯು. ಬೇಸಿಗೆಯಲ್ಲಿ ಚೀಲದೊಳಗಿಟ್ಟು, ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಒದ್ದೆ ಮಾಡಿ ಹಿಂಡಿದ ಸ್ಪಂಜಿನ ತುಂಡು ಹಾಕಿ ಚೀಲದಲ್ಲೇ ಇಡುವುದು ಸುಲಭ ಉಪಾಯ. ನೀರು ತೊಟ್ಟಿಕ್ಕಬಾರದು ಅಷ್ಟೆ.

ಬಿಳಿ ಮೂರು, ಬಿಳಿ ಆರು, ಬಿಳಿ ಎರಡು...

ಪುಸ್ತಕ, ವಿಡಿಯೋ ಎಲ್ಲದರಲ್ಲೂ ಆರು ತಂತಿಗಳ ಹೆಸರು ಇ, ಎ, ಡಿ, ಜಿ, ಬಿ, ಇ ಎಂದಿರುತ್ತದೆ. ಇದು ಮೊದಲ ದಿನವೇ ತಲೆನೋವು. ಹಾರ್ಮೋನಿಯಂ ಮನೆಗಳ ಲೆಕ್ಕ ಗೊತ್ತಿದ್ದವರಿಗೆ ಇದನ್ನೇ ಹೀಗೆ ಹೇಳಬಹುದು. ದಪ್ಪ ತಂತಿಯಿಂದ ಸಣ್ಣ ತಂತಿಯ ಕಡೆಗೆ: ಬಿಳಿ ಮೂರು, ಬಿಳಿ ಆರು, ಬಿಳಿ ಎರಡು, ಬಿಳಿ ಐದು, ಬಿಳಿ ಏಳು, ಮತ್ತೆ ಬಿಳಿ ಮೂರು. ಗಿಟಾರಿನವರು ಎಣಿಸುವುದು ಸಣ್ಣ ತಂತಿಯಿಂದ. ತೀರ ಸಣ್ಣದು ಒಂದನೆಯದು, ತೀರ ದಪ್ಪದ್ದು ಆರನೆಯದು.

ಶ್ರುತಿ ಕೂಡಿಸಲು ಶುರು ಮಾಡಬೇಕಾದ್ದು ನಾಲ್ಕನೇ ತಂತಿಯಿಂದ. ಹಾರ್ಮೋನಿಯಂನಲ್ಲಿ ಮಂದ್ರದ ಬಿಳಿ ಎರಡನ್ನು ಒತ್ತಿ ಹಿಡಿದು, ಬಿರಡೆ ತಿರುಗಿಸುತ್ತ ಎರಡೂ ನಾದ ಒಂದಾಗುವ ತನಕ ತರಬೇಕು. ಸಮೀಪ ಬಂದಾಗ ನಾದ ಅಲೆ ಅಲೆಯಾಗಿ ಅಲುಗುತ್ತದೆ. ಅಲೆ ನಿಧಾನವಾಗಿ, ನಿಂತು ಹೋದರೆ ಶ್ರುತಿ ಕೂಡಿತು. ಉಳಿದದ್ದನ್ನು ಗಿಟಾರಿನಲ್ಲೇ ಮಾಡಿಕೊಳ್ಳಬಹುದು. ನಾಲ್ಕನೇ ತಂತಿಯ ಐದನೇ ಮೆಟ್ಟಿಲು ಒತ್ತಿದರೆ ಬರುವ ನಾದವೇ ಮೂರನೇ ತಂತಿಯದ್ದು. ಮೂರನೆಯದರ ನಾಲ್ಕನೇ ಮೆಟ್ಟಿಲು ಎರಡನೇ ತಂತಿ (ಇಲ್ಲಿ ಮಾತ್ರ ನಾಲ್ಕು, ಮರೆಯಬಾರದು). ಎರಡನೆಯದರ ಐದನೇ ಮೆಟ್ಟಿಲು ಮೊದಲ ತಂತಿ. ದಪ್ಪದ ಕಡೆಗೂ ಹೀಗೇ: ಐದನೇ ತಂತಿಯ ಐದನೇ ಮೆಟ್ಟಿಲು ನಾಲ್ಕನೆಯದಕ್ಕೆ ಕೂಡಬೇಕು, ಆರನೆಯದರ ಐದನೇ ಮೆಟ್ಟಿಲು ಐದನೆಯದಕ್ಕೆ.

ಫೋನಿನಲ್ಲಿ ಉಚಿತ ಟ್ಯೂನರ್ ಆ್ಯಪುಗಳಿವೆ, ಚೆನ್ನಾಗಿಯೂ ಕೆಲಸ ಮಾಡುತ್ತವೆ. ಆದರೆ ಭಜನೆಗೆ ಕೂತಾಗ ಫೋನ್ ಹೇಳಿದ್ದನ್ನೇ ಹಿಡಿದು ಜಗಳ ಮಾಡುವಂತಿಲ್ಲ. ಹಳೆಯ ಹಾರ್ಮೋನಿಯಂಗಳು ಒಂದಿಷ್ಟು ಮೇಲೆ, ಕೆಳಗೆ ಇರುತ್ತವೆ. ಅದರ ರೀಡುಗಳನ್ನು ಕೂತಲ್ಲೇ ಬದಲಿಸಲಾಗದು, ಗಿಟಾರಿನ ಬಿರಡೆ ಮಾತ್ರ ತಿರುಗುತ್ತದೆ. ಸೋಲಬೇಕಾದ್ದು ಗಿಟಾರೇ.

ಮೊದಲ ತಂತಿ ಹರಿಯುವುದು ಹೆಚ್ಚಾಗಿ ಶ್ರುತಿ ಮಾಡುವಾಗ. ಯಾವ ಬಿರಡೆ ಯಾವ ತಂತಿಯದ್ದು ಎಂದು ನೋಡದೆ ತಿರುಗಿಸಿದರೆ ಹಾಗಾಗುತ್ತದೆ. ತಿರುಗಿಸುವ ಮುನ್ನ ತಂತಿ ಮೀಟಿ, ಮುಖ ದೂರ ಇಟ್ಟುಕೊಂಡು, ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಗೇ ತಿರುಗಿಸದಿದ್ದರೆ ದುಡ್ಡು ಉಳಿಯುತ್ತದೆ.

ಎರಡು ಬೆರಳಿನ ತಂಬೂರಿ

ವಿಡಿಯೋ ಪಾಠಗಳೆಲ್ಲ ಕಾರ್ಡುಗಳಿಂದ ಶುರುವಾಗುತ್ತವೆ. ಕಾರ್ಡ್ ಎಂದರೆ ಮೂರು ಸ್ವರ ಒಟ್ಟಿಗೆ ನುಡಿಸುವುದು. ಇಂಗ್ಲಿಷ್ ಹಾಡಿಗೆ ಅದು ಸರಿ. ನಮ್ಮ ಭಜನೆಗೆ ಅದೇ ಕಾರ್ಡನ್ನು ತಂದು ಸುರಿದರೆ ರಾಗ ಕೆಡುತ್ತದೆ, ಹಿರಿಯರು ಮುಖ ಸಿಂಡರಿಸುತ್ತಾರೆ, ಹುಡುಗ ಹಿಂದೆ ಸರಿಯುತ್ತಾನೆ. ಹಿರಿಯರದ್ದೂ ತಪ್ಪಲ್ಲ. ಕಾರ್ಡಿನ ಮೂರು ಸ್ವರದಲ್ಲಿ ಒಂದು ಗಾಂಧಾರ. ಹಾಡಿನಲ್ಲಿ ಸಾಧಾರಣ ಗಾಂಧಾರ ಇದ್ದು ಗಿಟಾರಿನಲ್ಲಿ ಅಂತರ ಗಾಂಧಾರ ಮೊಳಗಿದರೆ ಕಿವಿಗೆ ಕಲ್ಲು ಬಿದ್ದಂತೆ.

ಆದ್ದರಿಂದ ಮೊದಲು ಗಾಂಧಾರವೇ ಇಲ್ಲದ ಹಿಡಿತ. ತೋರುಬೆರಳು ಮೂರನೇ ತಂತಿಯ ಎರಡನೇ ಮೆಟ್ಟಿಲಿಗೆ, ಉಂಗುರ ಬೆರಳು ಎರಡನೇ ತಂತಿಯ ಮೂರನೇ ಮೆಟ್ಟಿಲಿಗೆ. ಬಲಗೈ ಐದನೇ ತಂತಿಯಿಂದ ಎರಡನೇ ತಂತಿಯವರೆಗೆ ಮಾತ್ರ ಸವರಬೇಕು. ಅತಿ ದಪ್ಪ, ಅತಿ ಸಣ್ಣ ತಂತಿ ಎರಡನ್ನೂ ಮುಟ್ಟಬಾರದು. ಈಗ ಕೇಳುವುದು ಪ, ಸ, ಪ, ಸ. ಬಿಳಿ ಎರಡರ ಶ್ರುತಿಯ ತಂಬೂರಿ ಎರಡು ಬೆರಳಿನಲ್ಲಿ ಸಿದ್ಧ! ಮೋಹನವಾಗಲಿ, ಖರಹರಪ್ರಿಯವಾಗಲಿ, ಮಾಯಾಮಾಳವಗೌಳವಾಗಲಿ, ಇದರ ಮೇಲೆ ಹಾಡಿದರೆ ಒಂದೂ ತಕರಾರಿಲ್ಲ. ಒಂದು ಎಚ್ಚರಿಕೆ: ಹಿಂದೋಳದಲ್ಲಿ ಪಂಚಮವಿಲ್ಲ. ಆಗ ತೋರುಬೆರಳು ಎತ್ತಿ ಮೂರನೇ ತಂತಿಯನ್ನು ಖಾಲಿ ಬಿಟ್ಟು, ಐದನೇ ತಂತಿ ಮುಟ್ಟದೆ ನಾಲ್ಕು, ಮೂರು, ಎರಡು ಮಾತ್ರ ನುಡಿಸಿದರೆ ಸ, ಮ, ಸ ಸಿಗುತ್ತದೆ. ತಂಬೂರಿಯವರೂ ಆ ರಾಗಕ್ಕೆ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಿಕೊಳ್ಳುತ್ತಾರೆ.

ಹದಿನೈದು ದಿನ ಇಷ್ಟೇ ಸಾಕು. ಬೆರಳು ಮೆಟ್ಟಿಲಿನ ಮೇಲೆ ಕೂರಬಾರದು, ಅದರ ಪಕ್ಕ, ಬಿರಡೆಯ ಕಡೆಯಲ್ಲಿ, ಪಟ್ಟಿಗೆ ತಾಗಿದಂತೆ ಇರಬೇಕು. ಅಲ್ಲಿ ಒತ್ತಿದರೆ ಅರ್ಧ ಬಲದಲ್ಲೇ ನಾದ ಬರುತ್ತದೆ. ಹೆಬ್ಬೆರಳು ಹಿಂದೆ ಆಸರೆಗೆ. ಎಡಗೈ ಉಗುರು ಪೂರ್ತಿ ಕತ್ತರಿಸಿರಬೇಕು.

ಬೆರಳ ತುದಿ ನೋಯುವುದು ಎರಡರಿಂದ ನಾಲ್ಕು ವಾರ. ಆಮೇಲೆ ಚರ್ಮ ದಪ್ಪಗಾಗಿ ನೋವು ಹೋಗುತ್ತದೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರ ಕೈ, ಶೇಂಗಾ ಬಿಡಿಸುವವರ ಕೈ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ (ಮಡಕಶಿರಾ ಕಡೆ ಕಡ್ಲೆಕಾಯಿ ಎಂದು ಓದಿಕೊಳ್ಳುವುದು). ಅಂಥ ಕೆಲಸ ಮಾಡುವವರ ಬೆರಳಿಗೆ ತಂತಿ ಬೇಗ ಒಗ್ಗುತ್ತದೆ, ಶಾಲೆಯ ಮಕ್ಕಳಿಗೆ ತಡ. ದಿನಕ್ಕೆ ಹದಿನೈದು ನಿಮಿಷದಂತೆ ಎರಡು ಸಲ ಕೂರುವುದು ಭಾನುವಾರ ಒಂದೇ ದಿನ ಮೂರು ತಾಸು ಕೂರುವುದಕ್ಕಿಂತ ಎಷ್ಟೋ ಮೇಲು. ತೋಯ್ದ ಕೈಯಲ್ಲಿ ನುಡಿಸಬಾರದು, ಮೆತ್ತಗಾದ ಚರ್ಮ ಸುಲಿಯುತ್ತದೆ. ತುದಿಯ ನೋವು ಬೇರೆ, ಮಣಿಕಟ್ಟಿನ ನೋವು ಬೇರೆ. ಮಣಿಕಟ್ಟು ನೋಯುತ್ತಿದ್ದರೆ ಹಿಡಿತ ತಪ್ಪಿದೆ ಎಂದರ್ಥ, ನಿಲ್ಲಿಸಿ ಸರಿಮಾಡಿಕೊಳ್ಳಬೇಕು.

ಹೆಣ್ಣುಮಕ್ಕಳಿಗೆ ಗಿಟಾರ್ ಯಾಕೆ ಎನ್ನುವವರು ಈಗಲೂ ಸಿಗುತ್ತಾರೆ. ವೀಣೆಯನ್ನು ಮಡಿಲಲ್ಲಿಟ್ಟುಕೊಂಡ ಸರಸ್ವತಿಯ ಪಟ ಅವರ ಮನೆಯಲ್ಲೇ ತೂಗುತ್ತಿರುತ್ತದೆ!

ಗಾಂಧಾರ ಸೇರಿಸುವ ಹೊತ್ತು

ಎರಡು ಬೆರಳು ನೋಡದೆ ಕೂರುವಂತಾದ ಮೇಲೆ ನಡುಬೆರಳನ್ನು ಮೊದಲ ತಂತಿಯ ಎರಡನೇ ಮೆಟ್ಟಿಲಿಗೆ ಇಡಬೇಕು. ಅದು ಅಂತರ ಗಾಂಧಾರ, ಅಲ್ಲಿಗೆ ಡಿ ಮೇಜರ್ ಎಂಬ ಕಾರ್ಡ್ ಪೂರ್ತಿಯಾಯಿತು. ಶಂಕರಾಭರಣ, ಮೋಹನ, ಕಲ್ಯಾಣಿಯ ಹಾಡುಗಳಿಗೆ ಇದು ಹೊಂದುತ್ತದೆ. ಮೊದಲ ತಂತಿಯಲ್ಲಿ ಎರಡರ ಬದಲು ಒಂದನೇ ಮೆಟ್ಟಿಲು ಒತ್ತಿದರೆ ಸಾಧಾರಣ ಗಾಂಧಾರ, ಕಾರ್ಡಿನ ಹೆಸರು ಡಿ ಮೈನರ್. ಖರಹರಪ್ರಿಯದ ಛಾಯೆಯ ಹಾಡುಗಳಿಗೆ ಅದು. (ಆಗ ತೋರುಬೆರಳು ಮೊದಲ ತಂತಿಗೆ, ನಡುಬೆರಳು ಮೂರನೇ ತಂತಿಗೆ ಜಾಗ ಬದಲಿಸಿಕೊಳ್ಳುತ್ತವೆ.) ಯಾವ ಹಾಡಿಗೆ ಯಾವುದು ಎಂದು ತಿಳಿಯದಿದ್ದರೆ ಹಾರ್ಮೋನಿಯಂ ನುಡಿಸುವ ಹಿರಿಯರನ್ನು ಒಂದು ಮಾತು ಕೇಳಿದರೆ ಆಯಿತು: "ತಾತ, ಈ ಹಾಡಿಗೆ ಗಾಂಧಾರ ಯಾವುದು?" ರಾಗದ ಹೆಸರು ಹೇಳಲಾಗದವರೂ ಮನೆ ಒತ್ತಿ ತೋರಿಸುತ್ತಾರೆ.

ಮುಂದಿನ ಎರಡು ಕಾರ್ಡ್ ಜಿ ಮತ್ತು ಎ. ಡಿ ಷಡ್ಜವಾದರೆ ಜಿ ಮಧ್ಯಮ, ಎ ಪಂಚಮ. ಎ ಹಿಡಿಯಲು ನಾಲ್ಕು, ಮೂರು, ಎರಡನೇ ತಂತಿಗಳ ಎರಡನೇ ಮೆಟ್ಟಿಲಲ್ಲಿ ಮೂರು ಬೆರಳು ಸಾಲಾಗಿ. ಜಿಗೆ ಆರನೇ ತಂತಿಯ ಮೂರು, ಐದನೇ ತಂತಿಯ ಎರಡು, ಮೊದಲ ತಂತಿಯ ಮೂರನೇ ಮೆಟ್ಟಿಲು. ಈ ಮೂರು ಬಂದರೆ ಸರಳವಾದ ನಾಮಾವಳಿಗಳು, ಚರ್ಚಿನ ಎಷ್ಟೋ ಹಾಡುಗಳು ಕೈಗೆ ಬರುತ್ತವೆ. ಒಂದೊಂದು ಕಾರ್ಡ್ ಹಿಡಿಯುವುದು ಸುಲಭ, ಒಂದರಿಂದ ಇನ್ನೊಂದಕ್ಕೆ ಹಾರುವುದೇ ಕಷ್ಟ. ಗಡಿಯಾರ ನೋಡಿಕೊಂಡು ಒಂದು ನಿಮಿಷದಲ್ಲಿ ಡಿಯಿಂದ ಎಗೆ, ಎಯಿಂದ ಡಿಗೆ ಎಷ್ಟು ಸಲ ಬದಲಿಸಲಾಯಿತು ಎಂದು ಎಣಿಸಿ, ದಿನಾ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮೊದಲ ದಿನ ಎಂಟೋ ಹತ್ತೋ ಆಗಬಹುದು. ಮೂವತ್ತಕ್ಕೆ ಬಂದರೆ ನಿಧಾನದ ಹಾಡಿಗೆ ಧಾರಾಳ ಸಾಕು.

ಬಲಗೈಗೆ ತಬಲದವರೇ ಗುರು. ಭಜನೆಯ ಎಂಟು ಮಾತ್ರೆಯ ನಡೆಗೆ ಕೈ ಕೆಳಗೆ, ಮೇಲೆ, ಕೆಳಗೆ, ಮೇಲೆ ಎಂದು ಎಂಟು ಸಲ ಆಡುತ್ತಲೇ ಇರಬೇಕು. ಒಂದು ಮತ್ತು ಐದರಲ್ಲಿ ಜೋರು. ನಡುವೆ ಕೆಲವು ಸಲ ತಂತಿಗೆ ತಾಗಿಸದೆ ಬರಿಗೈ ಆಡಿಸಿದರೆ ನಡೆಗೆ ಒಂದು ಕುಣಿತ ಬರುತ್ತದೆ. ಎಡಗೈ ಕಾರ್ಡ್ ತಪ್ಪಿದರೂ ಬಲಗೈ ನಿಲ್ಲಬಾರದು. ಸ್ವರ ತಪ್ಪಿದ್ದು ನಾಲ್ಕು ಜನಕ್ಕೆ ತಿಳಿದರೆ ತಾಳ ತಪ್ಪಿದ್ದು ನಲವತ್ತು ಜನಕ್ಕೆ ತಿಳಿಯುತ್ತದೆ. ಮೀಟಲು ಪ್ಲಾಸ್ಟಿಕ್ ಚೂರು ಬೇಕೆಂದರೆ ಅವಧಿ ಮುಗಿದ ಎಟಿಎಂ ಕಾರ್ಡನ್ನು ತ್ರಿಕೋನವಾಗಿ ಕತ್ತರಿಸಿ ಅಂಚು ಉಜ್ಜಿಕೊಂಡರೆ ನಡೆಯುತ್ತದೆ.

ಮೂರನೇ ತಿಂಗಳ ಕಂಟಕ

ವಿಡಿಯೋ ನೋಡಿ ಕಲಿಯುವವರಲ್ಲಿ ಅನೇಕರು ನಿಲ್ಲುವುದು ಎಫ್ ಎಂಬ ಕಾರ್ಡಿನ ಹತ್ತಿರ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತಬೇಕು. ಹೊಸ ಕೈಗೆ ಅದು ಬಗ್ಗುವುದಿಲ್ಲ. ಸಿ ಎಂಬ ಶ್ರುತಿಯಿಂದ ಪಾಠ ಶುರು ಮಾಡಿದವರಿಗೆ ಈ ಎಫ್ ತಪ್ಪಿದ್ದಲ್ಲ, ಏಕೆಂದರೆ ಸಿಗೆ ಅದೇ ಮಧ್ಯಮ. ಡಿ, ಎ, ಜಿ ಇವುಗಳಿಂದ ಹೊರಟವರಿಗೆ ಮೊದಲ ವರ್ಷ ಎಫ್ ಬೇಕಾಗುವುದೇ ಅಪರೂಪ.

"ನಮ್ಮ ಹಾಡುಗಾರರ ಶ್ರುತಿ ಕಪ್ಪು ಒಂದು, ಡಿಯಲ್ಲಿ ಹೇಗೆ?" ಎಂಬ ಪ್ರಶ್ನೆ ಬರುತ್ತದೆ. ಅದಕ್ಕೇ ಕೇಪೋ ಎಂಬ ಕ್ಲಿಪ್ಪು ಇರುವುದು. ಅದನ್ನು ಯಾವ ಮೆಟ್ಟಿಲಿಗೆ ಕಚ್ಚಿಸಿದರೆ ಅಷ್ಟು ಮನೆ ಶ್ರುತಿ ಏರುತ್ತದೆ. ಲೆಕ್ಕ ಹಾರ್ಮೋನಿಯಂ ಮೇಲೆಯೇ ಮಾಡಬಹುದು: ಕಪ್ಪು-ಬಿಳಿ ಭೇದವಿಲ್ಲದೆ ಒಂದು ಮನೆಗೆ ಒಂದು ಮೆಟ್ಟಿಲು. ಎ ಅಂದರೆ ಬಿಳಿ ಆರು. ಅಲ್ಲಿಂದ ಕಪ್ಪು ಐದು, ಬಿಳಿ ಏಳು, ಬಿಳಿ ಒಂದು, ಕಪ್ಪು ಒಂದು, ನಾಲ್ಕು ಮನೆ. ನಾಲ್ಕನೇ ಮೆಟ್ಟಿಲಿಗೆ ಕೇಪೋ ಹಾಕಿ ಎ ಕುಟುಂಬದ ಕಾರ್ಡ್ ಹಿಡಿದರೆ ಕಪ್ಪು ಒಂದರ ಹಾಡುಗಾರರಿಗೆ ಸರಿಹೋಯಿತು. ಕಪ್ಪು ಎರಡು ಬೇಕಾದರೆ ಡಿ ಹಿಡಿತ, ಒಂದನೇ ಮೆಟ್ಟಿಲು. ಕಪ್ಪು ನಾಲ್ಕಕ್ಕೆ ಜಿ ಹಿಡಿತ, ಒಂದನೇ ಮೆಟ್ಟಿಲು. ಕ್ಲಿಪ್ಪು ಸಿಗುವ ತನಕ ಪೆನ್ಸಿಲನ್ನು ಅಡ್ಡ ಇಟ್ಟು ಎರಡೂ ಕಡೆ ರಬ್ಬರ್ ಬ್ಯಾಂಡ್ ಬಿಗಿದರೂ ನಡೆಯುತ್ತದೆ, ನೋಡಲು ಚೆನ್ನಾಗಿರುವುದಿಲ್ಲ.

ಫೋನಿನ ಪಾಠಗಳು

ಯೂಟ್ಯೂಬಿನಲ್ಲಿ ತೆಲುಗಿನಲ್ಲೂ ಕನ್ನಡದಲ್ಲೂ ಪಾಠಗಳಿವೆ. ಇಂಗ್ಲಿಷಿನಲ್ಲಿ ಬೇಕಾದಷ್ಟು. ಜಸ್ಟಿನ್ ಸ್ಯಾಂಡರ್‌ಕೋ ಎಂಬುವರು 2003ರಿಂದ ನಡೆಸುತ್ತಿರುವ ಉಚಿತ ಪಾಠಗಳು ಕ್ರಮವಾಗಿವೆ, ಇಂಗ್ಲಿಷ್ ಅಷ್ಟಾಗಿ ಬಾರದವರೂ ಕೈ ನೋಡಿ ಅನುಸರಿಸಬಹುದು. ಕನ್ನಡ ಮಾಧ್ಯಮದಲ್ಲಿ ಓದುವ ಅಗಳಿ, ರೊಳ್ಳ, ಡಿ. ಹಿರೇಹಾಳ್ ಕಡೆಯ ಮಕ್ಕಳು ಭಾಷೆಯ ಅಂಜಿಕೆ ಇಟ್ಟುಕೊಳ್ಳಬೇಕಿಲ್ಲ. ಎಡವಿಸುವುದು ಬೇರೆ ಎರಡು ಸಂಗತಿ. ಒಂದು, ಆರು ಗೆರೆಗಳ ಟ್ಯಾಬ್ ಎಂಬ ಬರಹದಲ್ಲಿ ಮೇಲಿನ ಗೆರೆ ಎಂದರೆ ಸಣ್ಣ ತಂತಿ. ಗಿಟಾರ್ ಹಿಡಿದಾಗ ಸಣ್ಣ ತಂತಿ ಕೆಳಗಿರುತ್ತದೆ, ಬರಹ ತಲೆಕೆಳಗು. ಎರಡು, ಗಿಟಾರಿನಲ್ಲಿ ಬೆರಳು ಒಂದು ಎಂದರೆ ತೋರುಬೆರಳು. ಕೀಬೋರ್ಡ್ ಪುಸ್ತಕದಲ್ಲಿ ಹೆಬ್ಬೆರಳೇ ಒಂದು. ಎರಡನ್ನೂ ಕಲಿಯುವವರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ.

ಪುರಂದರದಾಸರು ಹಾಕಿಕೊಟ್ಟರೆಂದು ಹೇಳುವ ಸರಳೆ ವರಸೆ ಗಿಟಾರಿನ ಬೆರಳಿಗೂ ಒಳ್ಳೆಯ ಸಾಧನೆ. ನಾಲ್ಕನೇ ತಂತಿ ಒಂದರಲ್ಲೇ ನುಡಿಸಬಹುದ. ಖಾಲಿ ತಂತಿ ಸ, ಆಮೇಲೆ ಮೆಟ್ಟಿಲು 1, 4, 5, 7, 8, 11, 12. ಇದು ಮಾಯಾಮಾಳವಗೌಳ. ಶಂಕರಾಭರಣಕ್ಕೆ 2, 4, 5, 7, 9, 11, 12. ಮೋಹನಕ್ಕೆ 2, 4, 7, 9, 12. ಅಮರಾಪುರಂ ಹತ್ತಿರದ ಹೇಮಾವತಿಯವರು, ಊರಿನ ಹೆಸರಿನ ರಾಗವೇ ಇದೆಯಲ್ಲ ಎಂದು ಅದಕ್ಕೆ ಕೈ ಹಾಕಬಾರದು. ಮೇಳಕರ್ತದಲ್ಲಿ ಅದು ಐವತ್ತೆಂಟನೆಯದು, ಪ್ರತಿಮಧ್ಯಮದ ರಾಗ, ಒಂದೆರಡು ವರ್ಷ ಕಾಯುತ್ತದೆ.

ಒಬ್ಬರೇ ಕಲಿಯುವುದರಲ್ಲಿ ಆಗದ ಕೆಲಸವೂ ಇದೆ. ಗಮಕ ವಿಡಿಯೋ ನೋಡಿ ಬರುವುದಿಲ್ಲ, ಅದಕ್ಕೆ ಎದುರು ಕೂತು ಹಾಡುವವರು ಬೇಕು. ತನ್ನ ತಪ್ಪು ತನ್ನ ಕಿವಿಗೆ ಕೇಳಿಸುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಒಂದು ದಿನ ಬಿಟ್ಟು ಕೇಳಬೇಕು. ಓಡುವ ತಾಳ, ಸತ್ತ ತಂತಿ ಆಗ ಸಿಕ್ಕಿಬೀಳುತ್ತವೆ. ಎರಡು ತಿಂಗಳಾದ ಮೇಲೆ ಭಜನೆ ಮನೆಗೆ ಹೋಗಿ ಹಾರ್ಮೋನಿಯಂ ಪಕ್ಕದಲ್ಲೇ ಕೂತು, ಎರಡು ಬೆರಳಿನ ತಂಬೂರಿಯನ್ನಷ್ಟೇ ಸಣ್ಣಗೆ ನುಡಿಸಲು ಕೇಳಿಕೊಳ್ಳಬಹುದು. ಬೇಡ ಎನ್ನುವವರು ಕಡಿಮೆ. ಚೆನ್ನಾಗಿ ಕೂಡಿದರೆ ಮುಂದಿನ ವಾರ ಅವರೇ ಕರೆಯುತ್ತಾರೆ.

ತಂತಿ ಕಪ್ಪಾಗಿ ನಾದ ಮಂಕಾದಾಗ ಸೆಟ್ ಬದಲಿಸಬೇಕು. ದಿನಾ ನುಡಿಸುವವರಿಗೆ ಮೂರು-ನಾಲ್ಕು ತಿಂಗಳಿಗೊಮ್ಮೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಬೆವರು ಒರೆಸಿಟ್ಟರೆ ಇನ್ನೊಂದು ತಿಂಗಳು ಜಾಸ್ತಿ. ಸೆಟ್ ಕೊಳ್ಳುವಾಗ ಮೊದಲ ತಂತಿ ಬಿಡಿಯಾಗಿ ಎರಡು ತಂದಿಟ್ಟುಕೊಂಡರೆ ಒಂದು ತಂತಿಗಾಗಿ ಬಳ್ಳಾರಿಗೋ ಹಿಂದೂಪುರಕ್ಕೋ ಬಸ್ಸು ಹತ್ತುವುದು ತಪ್ಪುತ್ತದೆ. ಆರನ್ನೂ ಒಮ್ಮೆಗೇ ಬಿಚ್ಚದೆ ಒಂದೊಂದಾಗಿ ಬದಲಿಸಿ, ಬಿರಡೆಗೆ ಎರಡು-ಮೂರು ಸುತ್ತು ಬರುವಷ್ಟು ಬಿಟ್ಟು ಮಿಕ್ಕಿದ್ದನ್ನು ಕತ್ತರಿಸಬೇಕು. ಹೊಸ ತಂತಿ ಎರಡು ದಿನ ಜಾರುತ್ತಲೇ ಇರುತ್ತದೆ. ಶನಿವಾರದ ಭಜನೆಗೆ ಬುಧವಾರವೇ ಕಟ್ಟಿಕೊಳ್ಳುವುದು ಒಳ್ಳೆಯದು.